ಪ್ರಾಗ್‌ನಲ್ಲಿ ಒಂದೇ ದಿನ ಇದ್ದರೆ ಮೊದಲು ಟ್ರಾಮ್ ಹತ್ತಿ

ತಂಡ ಕಟ್ಟಿಕೊಂಡು ಜನರನ್ನು ಯುರೋಪಿಗೆ ಕರೆದೊಯ್ಯುವುದು ನನ್ನ ಕೆಲಸ. ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೊರಡುವ ಮುಂಚೆ ಪ್ರತಿ ತಂಡದಲ್ಲೂ ಒಬ್ಬರಾದರೂ ಇದೇ ಮಾತು ಹೇಳುತ್ತಾರೆ: "ಮ್ಯಾಪ್ ನೋಡಿದೆ ಸಾರ್. ಗಡಿಯಾರದಿಂದ ಕೋಟೆಗೆ ಬರೀ ಎರಡು ಕಿಲೋಮೀಟರು. ದಿನಾ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಐದು ನಡೀತೀನಿ ನಾನು."

ನಡೀತೀರಿ, ಒಪ್ಪಿದೆ. ಆದರೆ ಮ್ಯಾಪ್‌ನಲ್ಲಿ ಏರು ಕಾಣುವುದಿಲ್ಲ. ನೆಲ ಎಂಥದ್ದು ಅನ್ನೋದೂ ಕಾಣುವುದಿಲ್ಲ. ಹಳೇ ಪ್ರಾಗ್‌ನ ನೆಲ ಪೂರ್ತಿ ಚಿಕ್ಕ ಚಿಕ್ಕ ಕಲ್ಲಿನದು. ಮುಷ್ಟಿ ಗಾತ್ರದ ಚೌಕ ಕಲ್ಲುಗಳನ್ನು ಒತ್ತೊತ್ತಾಗಿ ಕೂರಿಸಿರುತ್ತಾರೆ, ಒಂದು ಸ್ವಲ್ಪ ಮೇಲೆ, ಪಕ್ಕದ್ದು ಸ್ವಲ್ಪ ಕೆಳಗೆ, ನಡುವೆ ಬೆರಳ ತುದಿಯಷ್ಟು ಸಂದು. ಪಾದ ಪ್ರತಿ ಹೆಜ್ಜೆಗೂ ಬೇರೆ ಥರ ವಾಲುತ್ತದೆ. ಹಿಮ್ಮಡಿ, ಕಣಕಾಲು, ಮಂಡಿ ಎಲ್ಲಕ್ಕೂ ಕೆಲಸ. ಮಳೆ ಬಿದ್ದರೆ ಜಾರುತ್ತದೆ ಬೇರೆ. ಪ್ರವಾಸಕ್ಕೆಂದೇ ಕೊಂಡ ಹೊಸ ಶೂ ಹಾಕಿಕೊಂಡು ಬಂದವರ ಕಥೆ ಸಂಜೆ ಹೊತ್ತಿಗೆ ಏನಾಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಈಗ ಎಲ್ಲರೂ ಮಾಡುವ ತಪ್ಪು. ಬೆಳಿಗ್ಗೆ ಹಳೇ ಪೇಟೆಯ ಚೌಕದಲ್ಲಿ ಶುರು ಮಾಡುತ್ತಾರೆ. ಅಲ್ಲಿನ ಗೋಪುರದ ಹಳೇ ಗಡಿಯಾರ ಹೊಡೆಯಲಿ ಅಂತ ಅರ್ಧ ಗಂಟೆ ಕತ್ತೆತ್ತಿ ನಿಲ್ಲುತ್ತಾರೆ. ಚಾರ್ಲ್ಸ್ ಸೇತುವೆ ಮೇಲೆ ಜನಜಂಗುಳಿ ಕಟ್ಟುವ ಹೊತ್ತಿಗೇ ಅಲ್ಲಿ ಕಾಲಿಡುತ್ತಾರೆ. ಅಲ್ಲಿಂದ ನಡುಮಧ್ಯಾಹ್ನ ಮೆಟ್ಟಿಲು ಹತ್ತಿ ಕೋಟೆ ಮುಟ್ಟಿದರೆ ಅಲ್ಲೂ ಸಾಲು. ಒಳಗೆ ಸೇಂಟ್ ವೀಟಸ್ ಚರ್ಚಿದೆ. 1344ರಲ್ಲಿ ಕಟ್ಟಲು ಹಿಡಿದು 1929ರಲ್ಲಿ ಮುಗಿಸಿದ್ದು, ಸುಮಾರು ಆರುನೂರು ವರ್ಷದ ಕೆಲಸ. ಅದರ ಬಾಗಿಲಲ್ಲಿ ನಿಂತು ನಮ್ಮವರು ಕೇಳುವುದು, "ಸಾರ್, ಕೂತ್ಕೊಳ್ಳೋಕೆ ಎಲ್ಲಾದ್ರೂ ಜಾಗ ಇದೆಯಾ?" ಅಷ್ಟು ದೂರದಿಂದ, ಅಷ್ಟು ದುಡ್ಡು ಹಾಕಿ ಬಂದವರು. ನನಗೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಮೇಲಿಂದ ಶುರು ಮಾಡಿ. ಬೆಳಿಗ್ಗೆ 22ನೇ ನಂಬರ್ ಟ್ರಾಮ್ ಹತ್ತಿ, ಪೊಹೊರ್ಜೆಲೆಟ್ಸ್ ಅನ್ನುವ ಸ್ಟಾಪ್‌ನಲ್ಲಿ ಇಳಿಯಿರಿ. ಬೆಟ್ಟವನ್ನು ಟ್ರಾಮ್ ಹತ್ತುತ್ತದೆ, ನೀವಲ್ಲ. ಅಲ್ಲಿಂದ ಸ್ಟ್ರಾಹೋವ್ ಮಠ ಹತ್ತಿರ, ಅಲ್ಲಿಂದ ಕೋಟೆಗೆ ಇಳಿಜಾರು, ಕೋಟೆಯಿಂದ ನೆರುಡೋವಾ ಬೀದಿಗೆ ಇಳಿಜಾರು, ಬೀದಿಯಿಂದ ಸೇತುವೆಗೂ ಇಳಿಜಾರೇ, ಸೇತುವೆ ದಾಟಿದರೆ ಚೌಕ. ಊರಿನ ಮುಖ್ಯ ಜಾಗಗಳೆಲ್ಲ ಇಳಿಯುವ ದಾರಿಯಲ್ಲೇ ಸಾಲಾಗಿ ಸಿಗುತ್ತವೆ. ಕೋಟೆಯೊಳಗೆ ಓಡಾಡುವುದು ಬಿಟ್ಟರೆ ಒಟ್ಟು ಮೂರು, ಮೂರೂವರೆ ಕಿಲೋಮೀಟರು ಇರಬಹುದು.

ಇಷ್ಟು ಹೇಳಿದ ಮೇಲೂ ಕೇಳುತ್ತಾರೆ: "ಟ್ರಾಮಲ್ಲಿ ಹೋದ್ರೆ ನಡೆದು ನೋಡಿದ ಹಾಗೆ ಆಗುತ್ತಾ?" ಆಗುತ್ತದೆ. ಟ್ರಾಮ್ ಉಳಿಸುವುದು ಏರನ್ನು ಮಾತ್ರ, ನೋಡುವ ಜಾಗವನ್ನಲ್ಲ. ಒಂದು ಏರು ಬಿಟ್ಟದ್ದಕ್ಕೆ ಸಂಜೆವರೆಗೂ ಕಾಲು ಉಳಿಯುತ್ತದೆ. ಚಾಮುಂಡಿ ಬೆಟ್ಟಕ್ಕೆ ಬಸ್ಸಲ್ಲಿ ಹೋಗಿ ಮೆಟ್ಟಿಲಲ್ಲಿ ಇಳಿದು ಬಂದವರಿಗೆ ನಾನು ಹೇಳುವುದು ತಟ್ಟನೆ ಅರ್ಥವಾಗುತ್ತದೆ. ಹಾಗಂತ ಎಲ್ಲ ಮಂಡಿಗೂ ಇಳಿಯುವುದು ಸುಲಭ ಅಂತಲ್ಲ. ಮಂಡಿ ಸವೆದವರಿಗೆ ಮೆಟ್ಟಿಲು ಇಳಿಯುವುದೇ ಜಾಸ್ತಿ ಕಷ್ಟ. ಅಂಥವರು ಕೋಟೆಯ ಪೂರ್ವ ಬದಿಯ ಹಳೇ ಮೆಟ್ಟಿಲ ಕಡೆ ಹೋಗಲೇಬೇಡಿ, ನೆರುಡೋವಾ ಬೀದಿಯ ಇಳಿಜಾರಿನಲ್ಲೇ ನಿಧಾನವಾಗಿ ಬನ್ನಿ. ಆಪರೇಷನ್ ಆಗಿದ್ದರೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ಶಿವಮೊಗ್ಗ ಕಡೆಯ ಒಬ್ಬ ಅಮ್ಮ ನೆನಪಾಗುತ್ತಾರೆ. ಅರವತ್ತೆಂಟು ವಯಸ್ಸು. "ನನ್ನಿಂದ ನಿಮಗೆಲ್ಲ ತಡ ಆಗ್ತದೆ ಮಾರಾಯ, ನಾನು ರೂಮಲ್ಲೇ ಇರ್ತೀನಿ" ಅಂತ ಹಠ ಹಿಡಿದಿದ್ದರು. ಹೇಗೋ ಒಪ್ಪಿಸಿ ಟ್ರಾಮ್ ಹತ್ತಿಸಿದೆ. ಸ್ಟ್ರಾಹೋವ್ ಕೆಳಗೆ ಒಂದು ಕಡೆ ನಿಂತರೆ ಇಡೀ ಊರು ಕಾಣುತ್ತದೆ, ಕೆಂಪು ಹೆಂಚಿನ ಮಾಡುಗಳ ಮೇಲೆ ಮಾಡು. ಅಮ್ಮ ಅಲ್ಲೇ ಕೂತು ಡಬ್ಬಿ ತೆಗೆದು ಎಲ್ಲರಿಗೂ ಚಕ್ಕುಲಿ ಕೊಟ್ಟರು. ನೆರುಡೋವಾ ಬೀದಿಯಲ್ಲಿ ಮನೆಗಳ ಬಾಗಿಲ ಮೇಲೆ ಚಿತ್ರಗಳಿವೆ, ಒಂದಕ್ಕೆ ಮೂರು ಪಿಟೀಲು, ಇನ್ನೊಂದಕ್ಕೆ ಎರಡು ಸೂರ್ಯ. 1770ರಲ್ಲಿ ಮನೆಗಳಿಗೆ ನಂಬರ್ ಕೊಡುವ ತನಕ ವಿಳಾಸ ಗುರುತಿಸುತ್ತಿದ್ದದ್ದು ಆ ಚಿತ್ರಗಳಿಂದಲೇ. "ನಮ್ಮಲ್ಲಿ ಹಲಸಿನ ಮರದ ಮನೆ, ಕೆರೆಕೋಡಿ ಮನೆ ಅಂತೀವಲ್ಲ, ಹಾಗೆ" ಅಂದರು ಅಮ್ಮ. ಆಮೇಲೆ ಬೀದಿ ಮುಗಿಯುವವರೆಗೂ ಒಂದೊಂದು ಬಾಗಿಲ ಮುಂದೆಯೂ ನಿಂತು ಕತ್ತೆತ್ತಿ ನೋಡಿದರು. ಬೆಳಿಗ್ಗೆ ಆ ಬೀದಿ ಹತ್ತಿಕೊಂಡು ಬರುವವರು ಯಾರೂ ತಲೆ ಎತ್ತುವುದಿಲ್ಲ. ಏದುಸಿರು ಬಿಡುತ್ತಾ ನೆಲ ನೋಡಿಕೊಂಡೇ ಹತ್ತುತ್ತಾರೆ.

ಒಂದೆರಡು ಎಚ್ಚರಿಕೆ. ಭಾನುವಾರ ಬೆಳಿಗ್ಗೆ ವೀಟಸ್ ಚರ್ಚಿನಲ್ಲಿ ಪೂಜೆ ಇರುತ್ತದೆ, ಪ್ರವಾಸಿಗರನ್ನು ಮಧ್ಯಾಹ್ನದ ಮೇಲೇ ಬಿಡುವುದು, ಆದ್ದರಿಂದ ಬೇರೆ ದಿನ ಇಟ್ಟುಕೊಳ್ಳಿ. ಟ್ರಾಮ್ ಟಿಕೆಟ್ ಕೈಯಲ್ಲಿದ್ದರೆ ಸಾಲದು, ಹತ್ತಿದ ಕೂಡಲೇ ಹಳದಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ದಂಡ. ಹಳಿ ರಿಪೇರಿ ಇದ್ದರೆ ದಾರಿ ಬದಲಾಗುತ್ತದೆ, ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಸೇತುವೆ ಖಾಲಿ ಇರಬೇಕು ಅನ್ನುವವರು ನಸುಕಿನಲ್ಲಿ ಬೇರೆಯಾಗಿ ಬರಬೇಕು, ನನ್ನ ದಾರಿಯಲ್ಲಿ ಅದು ಸಿಗುವುದಿಲ್ಲ. 1357ರಲ್ಲಿ ಅಡಿಗಲ್ಲು ಹಾಕಿದ ಸೇತುವೆ ಅದು, ಎರಡೂ ಬದಿ ಸೇರಿ ಮೂವತ್ತು ಮೂರ್ತಿಗಳು. ಜನ ಇದ್ದರೂ ಚೆನ್ನ.

ಗಡಿಯಾರವನ್ನು ಕೊನೆಗೆ ಇಡಿ. 1410ರದ್ದು, ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಗಂಟೆಗೊಮ್ಮೆ ಆಟ. ಅಸ್ಥಿಪಂಜರ ಹಗ್ಗ ಎಳೆಯುತ್ತದೆ, ಕಿಟಕಿಯಲ್ಲಿ ಯೇಸುವಿನ ಶಿಷ್ಯರು ಸಾಗುತ್ತಾರೆ, ಕೋಳಿ ಕೂಗುತ್ತದೆ. ಮುಗಿಯಿತು, ಬೇಗನೇ. ಐದು ನಿಮಿಷ ಮುಂಚೆ ಬಂದರೆ ಸಾಕು.

ನಾವು ಅವತ್ತು ಐದೂ ಮುಕ್ಕಾಲಿಗೇ ಬಂದುಬಿಟ್ಟಿದ್ದೆವು. ಹೊತ್ತಿತ್ತು ಅಂತ ಅಮ್ಮ ಗೋಪುರದ ಮೂಲೆ ತಿರುಗಿ ಪಕ್ಕಕ್ಕೆ ಹೋದರು. ಅಲ್ಲಿ ನೆಲದ ಕಲ್ಲಿನಲ್ಲಿ ಬಿಳಿ ಶಿಲುಬೆ ಗುರುತುಗಳಿವೆ. "ಇದೇನು?" ಅಂದರು. ಹೇಳಿದೆ: ಆಗ ಇಲ್ಲಿ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ದೊರೆಯ ವಿರುದ್ಧ ಎದ್ದು ಸೋತವರಲ್ಲಿ ಇಪ್ಪತ್ತೇಳು ಜನರಿಗೆ 1621ರ ಜೂನ್ 21ರಂದು ಇದೇ ಚೌಕದಲ್ಲಿ ಮರಣದಂಡನೆ ಕೊಟ್ಟರು, ಒಬ್ಬೊಬ್ಬರಿಗೆ ಒಂದೊಂದು ಗುರುತು. ಅಮ್ಮ ನಿಂತಿದ್ದ ಕಡೆಯಿಂದ ತಟ್ಟನೆ ಹಿಂದೆ ಸರಿದು ಎಣಿಸತೊಡಗಿದರು. ಆ ಕಡೆ ಗಡಿಯಾರ ಆರು ಹೊಡೆಯಿತು, ಜನ ಹೋ ಅಂದರು. ಅವರು ಎಣಿಕೆ ಬಿಡಲಿಲ್ಲ, ಇಪ್ಪತ್ತೇಳಕ್ಕೆ ಬಂದೇ ತಲೆ ಎತ್ತಿದರು.