ನೆಗೆಯುವ ಮಗು, ಎರಗುವ ಮಿಂಚುಳ್ಳಿ, ತಡವಾಗುವ ಬೆರಳು

ಐದಾರು ವರ್ಷದ ಮಗುವೊಂದು ಅಂಗಳದಲ್ಲಿ ನಿಂತಲ್ಲೇ ಮೇಲಕ್ಕೆ ನೆಗೆಯುತ್ತದೆ ಎನ್ನಿ. ನೆಗೆತದ ಎತ್ತರ 20 ಸೆಂಟಿಮೀಟರ್ ಆದರೆ, ಕಾಲು ನೆಲ ಬಿಟ್ಟು ತುದಿ ಮುಟ್ಟಲು 0.2 ಸೆಕೆಂಡು, ಮತ್ತೆ ಕೆಳಗಿಳಿಯಲು ಇನ್ನೊಂದು 0.2 ಸೆಕೆಂಡು. ಈಗ ಕ್ಯಾಮೆರಾ ಹಿಡಿದವರ ಲೆಕ್ಕ ನೋಡೋಣ. ಕಣ್ಣಿಗೆ ಬಿದ್ದದ್ದು ಮಿದುಳಿಗೆ ತಲುಪಿ ಬೆರಳು ಅಲುಗಲು 0.2ರಿಂದ 0.25 ಸೆಕೆಂಡು ಬೇಕು. ಗುಂಡಿ ಒತ್ತಿದ ಮೇಲೆ ಶಟರ್ (ಬೆಳಕನ್ನು ಒಳಬಿಡುವ ಪರದೆ) ತೆರೆಯಲು ಹಲವು ಕ್ಯಾಮೆರಾಗಳಿಗೆ ಇನ್ನೂ 0.05ರಿಂದ 0.1 ಸೆಕೆಂಡು ಬೇಕು. ಫೋಕಸ್ ಆಗಿರದಿದ್ದರೆ ಅದಕ್ಕಿಂತಲೂ ಹೆಚ್ಚು. ಅಲ್ಲಿಗೆ ಒಟ್ಟು 0.3 ಸೆಕೆಂಡಿನಷ್ಟಾಯಿತು. ಮಗುವಿನ ಕಾಲು ನೆಲ ಬಿಟ್ಟದ್ದನ್ನು ಕಂಡು ಗುಂಡಿ ಒತ್ತಿದರೆ ಸಿಗುವುದು ಇಳಿಯುತ್ತಿರುವ ಮಗು. ನೆಗೆದಾಗಿನ ಹಿಗ್ಗು ಅಷ್ಟರಲ್ಲಿ ಮುಗಿದು, ಕಣ್ಣು ನೆಲ ಹುಡುಕುತ್ತಿರುತ್ತದೆ.

ಆದ್ದರಿಂದ ಒತ್ತಬೇಕಾದದ್ದು ಮಂಡಿ ಬಾಗಿದಾಗ. ಸಹಜ ಫೋಟೋಗಳ ಗುಟ್ಟೆಲ್ಲ ಇಲ್ಲೇ ಇದೆ. ಕ್ಷಣ ಬಂದ ಮೇಲೆ ಹಿಡಿಯಲು ಹೋಗಬಾರದು, ಅದು ಬರುವ ಮೊದಲಿನ ಸುಳಿವನ್ನು ಗುರುತಿಸಬೇಕು. ಭೌತಶಾಸ್ತ್ರವೂ ಇಲ್ಲಿ ನೆರವಿಗೆ ಬರುತ್ತದೆ. ಮೇಲಕ್ಕೇರಿದಂತೆ ವೇಗ ತಗ್ಗುವುದರಿಂದ, ನೆಗೆತದ ಒಟ್ಟು ಸಮಯದಲ್ಲಿ ಅರ್ಧದಷ್ಟನ್ನು ಮಗು ಮೇಲಿನ ಕಾಲುಭಾಗದ ಎತ್ತರದಲ್ಲೇ ಕಳೆಯುತ್ತದೆ. ಅಂದರೆ ಗಾಳಿಯಲ್ಲಿ ತೇಲಿದಂತೆ ಕಾಣುವ ಆ ಭಂಗಿಗೆ 0.2 ಸೆಕೆಂಡಿನಷ್ಟು ಅವಕಾಶವಿದೆ. ಉಯ್ಯಾಲೆಗೂ ಇದೇ ಮಾತು: ಎರಡು ತುದಿಗಳಲ್ಲಿ ಅದು ಒಂದು ಗಳಿಗೆ ನಿಂತೇ ಬಿಡುತ್ತದೆ. ಅಲ್ಲಿ 1/125 ಸೆಕೆಂಡು ತೆರೆದಿರುವ ಶಟರ್ ಕೂಡ ಸಾಕಾಗಬಹುದು. ಕೆಳಗೆ ನಡುವಿನಲ್ಲಿ ಬೀಸಿ ಬರುವಾಗ 1/1000 ಇಟ್ಟರೂ ಹೆಚ್ಚಲ್ಲ.

ಹಕ್ಕಿಗಳೂ ಸುಳಿವು ಕೊಡುತ್ತವೆ. ಕೊಂಬೆಯ ಮೇಲಿನ ಮಿಂಚುಳ್ಳಿ ನೀರಿಗೆ ಎರಗುವ ಮೊದಲು ತಲೆಯನ್ನು ಮೇಲೆ ಕೆಳಗೆ ಆಡಿಸಿ ದೂರ ಅಳೆಯುತ್ತದೆ. ಕಪ್ಪುಬಿಳಿ ಮಿಂಚುಳ್ಳಿಯಂತೂ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಆಮೇಲೆ ಬೀಳುವುದರಿಂದ, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಹಕ್ಕಿಯಿಲ್ಲ. ಹದ್ದು, ಗಿಡುಗಗಳು ಹಾರುವ ಮುನ್ನ ಎಷ್ಟೋ ಸಲ ಹಿಕ್ಕೆ ಹಾಕಿ, ಮೈ ಮುಂದಕ್ಕೆ ಬಾಗಿಸುತ್ತವೆ. ದೊಡ್ಡ ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುವುದರಿಂದ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವ ಜಾಗದಲ್ಲಿ ನಿಂತರೆ ಅವು ನಿಮ್ಮತ್ತ ಮುಖಮಾಡಿ ಏಳುತ್ತವೆ. ಬೆಳಗಿನ ಬಿಸಿಲೂ ಬೆನ್ನ ಹಿಂದೆಯೇ ಇದ್ದರೆ ಅದೃಷ್ಟ. ಚೌಕಟ್ಟಿನಲ್ಲಿ ಹಕ್ಕಿಯ ಮುಂದೆ ರೆಕ್ಕೆ ಬಿಚ್ಚುವಷ್ಟು ಜಾಗ ಬಿಟ್ಟಿರಬೇಕು. ಜೂಮ್ ಪೂರ್ತಿ ಎಳೆದು ಕಾದವರಿಗೆ ಸಿಗುವುದು ತುದಿ ಕತ್ತರಿಸಿದ ರೆಕ್ಕೆ.

ಇನ್ನು ಮಸುಕಿನ ಲೆಕ್ಕ. ಓಡುವ ಮಗುವಿನ ವೇಗ ಸೆಕೆಂಡಿಗೆ 3 ಮೀಟರ್ ಎಂದಿಟ್ಟುಕೊಂಡರೆ, ಶಟರ್ 1/60 ಸೆಕೆಂಡು ತೆರೆದಿರುವಾಗ ಮಗು 5 ಸೆಂಟಿಮೀಟರ್ ಸರಿದಿರುತ್ತದೆ. ಮುಖದ ಗುರುತೂ ಸಿಗದು. 1/500ರಲ್ಲಿ ಸರಿಯುವುದು 6 ಮಿಲಿಮೀಟರ್, ಅಷ್ಟನ್ನು ಒಪ್ಪಬಹುದು. ಹಾರುವ ಬೆಳ್ಳಕ್ಕಿಗೆ 1/1600, ಎರಗುವ ಮಿಂಚುಳ್ಳಿಗೆ 1/3200 ಬೇಕು. ಆದರೆ 1/60ರಿಂದ 1/500ಕ್ಕೆ ಹೋದರೆ ಒಳಬರುವ ಬೆಳಕು ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದನ್ನು ಸರಿದೂಗಿಸಲು, ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂದು ಗೊತ್ತುಮಾಡುವ ಐಎಸ್‌ಒ 400 ಇದ್ದದ್ದನ್ನು 3200ಕ್ಕೆ ಏರಿಸಬೇಕಾಗುತ್ತದೆ, ಚಿತ್ರದಲ್ಲಿ ಕಾಳುಕಾಳು ಕಾಣುತ್ತದೆ. ಬಹಳ ಜನ ಇದಕ್ಕೆ ಹೆದರಿ ಐಎಸ್‌ಒ ತಗ್ಗಿಸಿ, ಮಸುಕು ಫೋಟೋ ತರುತ್ತಾರೆ. ಕಾಳು ಬಂದ ಚಿತ್ರವನ್ನು ಆಮೇಲೆ ತಿದ್ದಬಹುದು, ಅಲುಗಿದ ಮುಖವನ್ನು ತಿದ್ದಲಾಗದು. ಕ್ಯಾಮೆರಾವನ್ನು ಮ್ಯಾನುವಲ್‌ಗೆ ಹಾಕಿ, ಶಟರ್ ಮತ್ತು ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ನೀವೇ ಗೊತ್ತುಮಾಡಿ, ಐಎಸ್‌ಒ ಮಾತ್ರ ಆಟೋಗೆ ಬಿಡುವುದು ಒಳ್ಳೆಯ ಹಾದಿ. ಫೋಕಸ್, ಚಲಿಸುವುದನ್ನು ಬಿಡದೆ ಹಿಂಬಾಲಿಸುವ ಕಂಟಿನ್ಯುಯಸ್‌ನಲ್ಲಿರಲಿ, ಗುಂಡಿಯನ್ನು ಅರ್ಧ ಒತ್ತಿಯೇ ಇಟ್ಟು ಕಾಯಿರಿ.

ಅಪರ್ಚರ್ ಪೂರ್ತಿ ತೆರೆದರೆ ಬೆಳಕು ಧಾರಾಳವಾಗಿ ಬರುತ್ತದೆ, ಆದರೆ ಅದಕ್ಕೂ ಬೆಲೆಯಿದೆ. ಚಿತ್ರ ಹಿಡಿಯುವ ಫಲಕ (ಸೆನ್ಸರ್) ದೊಡ್ಡದಿರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಹಾಕಿ, ಎಫ್/1.8ರಲ್ಲಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 17 ಸೆಂಟಿಮೀಟರ್, ಒಂದು ಗೇಣಿಗಿಂತಲೂ ಕಡಿಮೆ. ಅಜ್ಜಿಯ ಮುಖ ಸ್ಪಷ್ಟವಾಗಿ, ತೊಡೆಯ ಮೇಲೆ ಮುಂದಕ್ಕೆ ಬಾಗಿದ ಮೊಮ್ಮಗಳು ಮಸುಕಾಗಿ ಬರುವುದು ಇದರಿಂದಲೇ. ಕಿಂಡಿಯನ್ನು ಎಫ್/4ಕ್ಕೆ ಕಿರಿದು ಮಾಡಿದರೆ ಆಳ 38 ಸೆಂಟಿಮೀಟರ್ ಆಗುತ್ತದೆ, ಇಬ್ಬರೂ ಸಿಗುತ್ತಾರೆ.

ಮನೆಯೊಳಗಿನ ಇನ್ನೊಂದು ತೊಡಕು ಬೆಳಕಿನ ಮಿಡಿತ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅದರ ಪ್ರತಿ ಆವರ್ತಕ್ಕೆ ಎರಡು ಸಲದಂತೆ, ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಬಾರಿ ಮಂಕಾಗಿ ಬೆಳಗುತ್ತವೆ. ಕಣ್ಣಿಗೆ ಇದು ಕಾಣದು, 1/500ರ ಶಟರ್‌ಗೆ ಕಾಣುತ್ತದೆ. ಸಾಲಾಗಿ ತೆಗೆದ ಹತ್ತು ಫೋಟೋಗಳಲ್ಲಿ ಕೆಲವು ಹಳದಿ, ಕೆಲವು ಕತ್ತಲು. ಎಲೆಕ್ಟ್ರಾನಿಕ್ ಶಟರ್ ಆದರೆ ಗೋಡೆಯ ಮೇಲೆಲ್ಲ ಅಡ್ಡಪಟ್ಟೆ, ಏಕೆಂದರೆ ಅದು ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ವೇಗವಾಗಿ ಬಡಿಯುವ ಹಕ್ಕಿಯ ರೆಕ್ಕೆ ಸೊಟ್ಟಗೆ ಬರುವುದಕ್ಕೂ ಇದೇ ಕಾರಣ. 1/100 ಅಥವಾ 1/50ರಲ್ಲಿ ಮಿಡಿತದ ತೊಂದರೆಯಿಲ್ಲ, ಆದರೆ ಆಗ ಮಗು ಅಲುಗುತ್ತದೆ. ಹಗಲಿದ್ದರೆ ದೀಪ ಆರಿಸಿ ಕಿಟಕಿಯ ಪಕ್ಕಕ್ಕೆ ಬರುವುದೇ ಎಲ್ಲಕ್ಕಿಂತ ಒಳ್ಳೆಯದು.

ಮೊಬೈಲಿನಲ್ಲಿ ತೆಗೆಯುವವರು ನೈಟ್ ಮೋಡ್ ಆಫ್ ಮಾಡಿಡಬೇಕು. ಅದು ಒಂದು ಸೆಕೆಂಡೋ ಮೂರು ಸೆಕೆಂಡೋ ಬೆಳಕು ಕೂಡಿಸುವಷ್ಟರಲ್ಲಿ ಮಗುವಿಗೆ ನಾಲ್ಕು ಕೈ ಬಂದಿರುತ್ತವೆ. ಬೆರಳಿನ ತಡವನ್ನು ತುಂಬಿಕೊಡುವ ಉಪಾಯವೂ ಈಗ ಇದೆ. ಐಫೋನಿನ ಲೈವ್ ಫೋಟೋ ಗುಂಡಿ ಒತ್ತುವುದಕ್ಕೆ ಮೊದಲಿನ 1.5 ಸೆಕೆಂಡನ್ನೂ ಉಳಿಸಿಕೊಳ್ಳುತ್ತದೆ; ಅದರೊಳಗಿಂದ ಬೇಕಾದ ಚೌಕಟ್ಟನ್ನು ಆರಿಸಬಹುದು. ಒಲಿಂಪಸ್ 2016ರಲ್ಲಿ ತಂದ ಒಂದು ಕ್ಯಾಮೆರಾ ಗುಂಡಿ ಪೂರ್ತಿ ಒತ್ತುವ ಹಿಂದಿನ 14 ಚಿತ್ರಗಳನ್ನು ಹಿಡಿದಿಡುತ್ತಿತ್ತು. ಹಕ್ಕಿ ಹಾರಿದ್ದನ್ನು ನೋಡಿಯೇ ಒತ್ತುವವರಿಗೂ ಇದರಿಂದ ಕೊಂಬೆ ಬಿಟ್ಟ ಕ್ಷಣ ಸಿಗುವಂತಾಯಿತು.

ಮುಖಭಾವದ ಮಾತಿಗೆ ಬಂದರೆ, ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲೇ ಒಂದು ವಿಷಯ ಬರೆದಿಟ್ಟಿದ್ದ. ಬಾಯಿಯ ಅಂಚನ್ನು ಎಳೆಯುವ ಸ್ನಾಯು ಹೇಳಿದ ಮಾತು ಕೇಳುತ್ತದೆ. ಕಣ್ಣಿನ ಸುತ್ತಲಿನ ಸ್ನಾಯು ಮನಸ್ಸು ಹಿಗ್ಗದೆ ಸುಲಭಕ್ಕೆ ಬಿಗಿಯದು. "ನಗಿ, ನಗಿ" ಎಂದಾಗ ಹಲ್ಲು ಕಂಡರೂ ಕಣ್ಣು ನಗುವುದಿಲ್ಲ. ಮದುವೆ ಮನೆಯ ಗುಂಪು ಫೋಟೋ ಮುಗಿದು, "ಆಯ್ತಾ?" ಎಂದು ಎಲ್ಲರೂ ಉಸಿರು ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಎರಡು ಮೂರು ಸೆಕೆಂಡು ಇರುತ್ತದಲ್ಲ, ಆಗ ಕ್ಯಾಮೆರಾ ಇಳಿಸಬೇಡಿ. ಕಣ್ಣು ಮುಚ್ಚಿದವರ ಕಾಟಕ್ಕೂ ಲೆಕ್ಕವಿದೆ. ಆಸ್ಟ್ರೇಲಿಯಾದ ಪಿಯರ್ಸ್ ಬಾರ್ನ್ಸ್ ಮತ್ತು ನಿಕ್ ಸ್ವೆನ್ಸನ್ ಇದನ್ನು ಲೆಕ್ಕಹಾಕಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ 2006ರ ಇಗ್ ನೊಬೆಲ್ ಪಡೆದರು. ಗುಂಪಿನಲ್ಲಿ 20ಕ್ಕಿಂತ ಕಡಿಮೆ ಜನರಿದ್ದರೆ, ಬೆಳಕು ಚೆನ್ನಾಗಿದ್ದಾಗ ಜನರ ಸಂಖ್ಯೆಯನ್ನು ಮೂರರಿಂದ, ಮಂಕಾಗಿದ್ದಾಗ ಎರಡರಿಂದ ಭಾಗಿಸಿ; ಅಷ್ಟು ಫೋಟೋ ತೆಗೆದರೆ ಎಲ್ಲರೂ ಕಣ್ಣು ಬಿಟ್ಟ ಒಂದಾದರೂ ಸಿಗುತ್ತದೆ ಎಂದು ನಂಬಬಹುದು. 12 ಜನರಿಗೆ ನಾಲ್ಕು, ಸಂಜೆಯಾದರೆ ಆರು.

ಕೈಗೆ ಕೆಲಸವಿದ್ದವರು ಕ್ಯಾಮೆರಾವನ್ನು ಬೇಗ ಮರೆಯುತ್ತಾರೆ. ಅವರೆಕಾಯಿ ಬಿಡಿಸುವಾಗ, ಹಪ್ಪಳ ಒತ್ತುವಾಗ, ಮಗಳಿಗೆ ಜಡೆ ಹಾಕುವಾಗ ಅಲ್ಲೇ ಮೂಲೆಯಲ್ಲಿ ಕೂತು, ಮೊದಲ ಹದಿನೈದು ಇಪ್ಪತ್ತು ನಿಮಿಷದ ಫೋಟೋಗಳು ಕೆಟ್ಟರೂ ಬೇಸರಪಡದೆ ಕಾಯಬೇಕು. ಮಗುವಾದರೆ ನೀವು ನೆಲದ ಮೇಲೆ ಕೂರಬೇಕು, ಲೆನ್ಸ್ ಅದರ ಕಣ್ಣಿನ ಮಟ್ಟಕ್ಕಿರಬೇಕು. ತೆಗೆದದ್ದನ್ನು ಆಮೇಲೆ ಅವರಿಗೆ ತೋರಿಸಿ, ಬೇಡ ಎಂದದ್ದನ್ನು ಅಳಿಸಿ. ಮನೆಯವರೇ ಆದರೂ ಮುಖ ಅವರದು.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಜನರದು, ಹಕ್ಕಿಗಳದು ಎಂಬ ಈ ಎರಡೂ ಬಗೆಯ ಫೋಟೋಗಳು ಒಂದೇ ಬೀದಿಯಲ್ಲಿ ಸಿಗುತ್ತವೆ. ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಜನ ತಮ್ಮ ಪಾಡಿಗೆ ತಾವು ಓಡಾಡುತ್ತಿರುತ್ತಾರೆ. ಹೆಜ್ಜಾರ್ಲೆ ಮರಿ ತಲೆಯನ್ನು ತಾಯಿಯ ಗಂಟಲ ಚೀಲದೊಳಗೆ ತೂರಿಸಿ ಮೀನು ತಿನ್ನುವುದನ್ನು ಇಲ್ಲಿ ಹತ್ತಿರದಿಂದ ನೋಡಬಹುದು. ಆ ಫೋಟೋಕ್ಕೆ 1/800 ಸಾಕು. ತಾಯಿ ಗೂಡಿಗೆ ಇಳಿಯುವ ಹೊತ್ತಿಗೆ ಮರಿಗಳು ಕೂಗಿ ರೆಕ್ಕೆ ಬಡಿಯತೊಡಗುತ್ತವೆ, ನಿಮಗೆ ಸುಳಿವು ಅದೇ. ತಾಯಿಹಕ್ಕಿ ತಿನ್ನಿಸುವುದನ್ನು ಬಿಟ್ಟು ಕತ್ತೆತ್ತಿ ನಿಮ್ಮನ್ನೇ ನೋಡುತ್ತಿದ್ದರೆ ನೀವು ತೀರಾ ಹತ್ತಿರ ಬಂದಿದ್ದೀರಿ. ಅದು ಹೆದರಿ ಎದ್ದರೆ ಬಿಸಿಲಿಗೆ ಮೊಟ್ಟೆ ಕೆಡುತ್ತದೆ, ಕಾಗೆಗೆ ದಾರಿಯಾಗುತ್ತದೆ. ಫೋಟೋ ಬಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಹಕ್ಕಿ ಮತ್ತೆ ಗರಿ ತಿದ್ದಿಕೊಳ್ಳಲು ತೊಡಗಿದ ದೂರದಲ್ಲಿ ಟ್ರೈಪಾಡ್ ಊರಿ.