ಓಪಿಡಿಯಲ್ಲಿ ಬಿ-ಲೈನ್ ಎಣಿಸುವಾಗ ಕಾಡುವ ಆ ‘3’

ಹಾರ್ಟ್ ಫೇಲ್ಯೂರ್ ಇರಬಹುದಾ ಅಂತ ನೋಡಲು ಶ್ವಾಸಕೋಶದ ಅಲ್ಟ್ರಾಸೌಂಡ್ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಪ್ರೋಬ್ ಹಿಡಿಯುವುದು, ಪಕ್ಕೆಲುಬುಗಳ ನೆರಳಿನ ನಡುವೆ ಪ್ಲೂರಲ್ ಲೈನ್ (ಶ್ವಾಸಕೋಶದ ಹೊರಪೊರೆಯ ಹೊಳೆಯುವ ಗೆರೆ) ಹುಡುಕುವುದು ನಿಮಗೆ ಬರುತ್ತದೆ ಅಂದುಕೊಂಡಿದ್ದೇನೆ.

ಹಾರ್ಟ್ ಫೇಲ್ಯೂರ್‌ನಲ್ಲಿ ಶ್ವಾಸಕೋಶದಲ್ಲಿ ನೀರು ಸೇರಿದಾಗ ಪರದೆಯಲ್ಲಿ ಕಾಣುವ ಉದ್ದ ಗೆರೆಯೇ ಬಿ-ಲೈನ್. ಅದು ಕತ್ತಲಲ್ಲಿ ಬಿಟ್ಟ ಟಾರ್ಚ್ ಬೆಳಕಿನ ಹಾಗೆ. ಪ್ಲೂರಲ್ ಲೈನ್‌ನಿಂದಲೇ ಹೊರಡಬೇಕು, ಮಂಕಾಗದೆ ಪರದೆಯ ತಳ ಮುಟ್ಟಬೇಕು, ಉಸಿರಿನ ಜೊತೆ ಆಡಬೇಕು, ಎ-ಲೈನ್‌ಗಳನ್ನು (ಗಾಳಿ ತುಂಬಿದ ಶ್ವಾಸಕೋಶದಲ್ಲಿ ಕಾಣುವ ಅಡ್ಡ ಗೆರೆಗಳನ್ನು) ಅಳಿಸಬೇಕು. ಸ್ವಲ್ಪ ದೂರ ಇಳಿದು ಮಾಯವಾಗುವ ಗೆರೆ ಝಡ್-ಲೈನ್, ಲೆಕ್ಕಕ್ಕಿಲ್ಲ. ಡೆಪ್ತ್ 16-18 ಸೆಂ.ಮೀ. ಇಡಿ.

ಈಗ ತಲೆ ತಿನ್ನುವ ವಿಷಯ. ಎಲ್ಲ ಕಡೆ ‘3’ ಅಂತ ಬರೆದಿರುತ್ತಾರೆ. ಆದರೆ ಅದು ಒಂದೇ 3 ಅಲ್ಲ.

2012ರ ಅಂತರರಾಷ್ಟ್ರೀಯ ಒಮ್ಮತದ ನಿಯಮದಲ್ಲಿ ಎದೆಯನ್ನು ಒಂದೊಂದು ಬದಿಗೆ 4ರಂತೆ 8 ಜಾಗ ಮಾಡುತ್ತಾರೆ. ಒಂದೇ ಜಾಗದಲ್ಲಿ 3 ಅಥವಾ ಜಾಸ್ತಿ ಬಿ-ಲೈನ್ ಕಂಡರೆ ಆ ಜಾಗ ಪಾಸಿಟಿವ್. ಇಡೀ ಸ್ಕ್ಯಾನ್ ಪಾಸಿಟಿವ್ ಅನ್ನಲು ಎರಡೂ ಬದಿಯಲ್ಲಿ ಕನಿಷ್ಠ ಎರಡೆರಡು ಪಾಸಿಟಿವ್ ಜಾಗ ಬೇಕು. ತುರ್ತು ವಿಭಾಗಕ್ಕೆ ಏದುಸಿರು ಬಿಡುತ್ತಾ ಬಂದವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಅಂಥವರಲ್ಲಿ ನೀರು ಧಾರಾಳವಾಗಿರುತ್ತದೆ.

2016ರಲ್ಲಿ ಪ್ಲಾಟ್ಜ್ ಮತ್ತು ಸಂಗಡಿಗರು ಓಪಿಡಿಗೆ ನಡೆದು ಬರುವ ಹಾರ್ಟ್ ಫೇಲ್ಯೂರ್ ರೋಗಿಗಳನ್ನು ನೋಡಿದರು. ಅಲ್ಲೂ 8 ಜಾಗ, ಆದರೆ 3 ಅನ್ನೋದು ಎಂಟೂ ಜಾಗ ಕೂಡಿಸಿದ ಮೊತ್ತ. ಮೊತ್ತ 3 ಅಥವಾ ಜಾಸ್ತಿ ಇದ್ದವರಿಗೆ ಮುಂದಿನ 6 ತಿಂಗಳಲ್ಲಿ ಆಸ್ಪತ್ರೆ ಸೇರುವ ಅಥವಾ ಸಾಯುವ ಅಪಾಯ ಸುಮಾರು 4 ಪಟ್ಟು. ಅವರಲ್ಲಿ 81% ಮಂದಿಗೆ ಸ್ಟೆತೊಸ್ಕೋಪ್‌ನಲ್ಲಿ ಏನೂ ಕೇಳಿಸಿರಲಿಲ್ಲ!

ಒಂದು ಲೆಕ್ಕ ಮಾಡೋಣ. ಬಲಗಡೆ 0, 1, 1, 0. ಎಡಗಡೆ 1, 0, 1, 1. ಮೊದಲ ನಿಯಮದಲ್ಲಿ ಒಂದು ಜಾಗವೂ ಪಾಸಿಟಿವ್ ಅಲ್ಲ, ಸ್ಕ್ಯಾನ್ ನೆಗೆಟಿವ್. ಎರಡನೆಯದರಲ್ಲಿ ಮೊತ್ತ 5, ಅಂದರೆ ಗಡಿ ದಾಟಿತು. ಅದೇ ಮನುಷ್ಯ, ಅದೇ ಪರದೆ. ಆದರೆ ಎರಡನೆಯ 3 ಕಾಯಿಲೆ ಇದೆಯೋ ಇಲ್ಲವೋ ಅಂತ ಹೇಳಲು ಹುಟ್ಟಿದ್ದಲ್ಲ. ಕಾಯಿಲೆ ಇದೆ ಅಂತ ಮೊದಲೇ ಗೊತ್ತಿದ್ದವರಲ್ಲಿ ಮುಂದೇನಾಗಬಹುದು ಅಂತ ಅಳೆಯಲು ಬಂದದ್ದು. ಹೊಸ ರೋಗಿಗೆ ಅದನ್ನು ಸುಮ್ನೆ ಅಂಟಿಸಲು ಆಗಲ್ಲ. ಅದಕ್ಕೇ ಚೀಟಿಯಲ್ಲಿ ‘ಪಾಸಿಟಿವ್’ ಅಂತಷ್ಟೇ ಬರೆಯದೆ ಎಂಟೂ ಅಂಕಿ ಬರೆಯುವುದು ವಾಸಿ.

ಪರದೆ ಖಾಲಿ ಇದ್ದರೆ? ಹಾರ್ಟ್ ಫೇಲ್ಯೂರ್ ಇಲ್ಲ ಅಂತ ಅರ್ಥವಲ್ಲ. ಬಿ-ಲೈನ್ ತೋರಿಸುವುದು ಶ್ವಾಸಕೋಶದ ನೀರನ್ನು, ಹೃದಯವನ್ನಲ್ಲ. ನೀರು ಇಳಿಸುವ ಮಾತ್ರೆ ಫ್ಯುರೋಸಮೈಡ್ ನುಂಗಿ ಬಂದವರಲ್ಲಿ ನೀರು ಇಳಿದಿರಬಹುದು. ಮೆಟ್ಟಿಲು ಹತ್ತುವಾಗ ಮಾತ್ರ ದಮ್ಮು ಬರುವವರು ಕೂತಾಗ ಆರಾಮಾಗಿಯೇ ಇರುತ್ತಾರೆ, ಅಲ್ವಾ? ಅನುಮಾನ ಉಳಿದರೆ ಎನ್‌ಟಿ-ಪ್ರೊಬಿಎನ್‌ಪಿ (ಹೃದಯದ ಒತ್ತಡ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ, ಓಪಿಡಿಯಲ್ಲಿ ಅದರ ಗಡಿ 125 ಪಿ.ಗ್ರಾಂ/ಮಿ.ಲೀ. ಎಕೋ (ಹೃದಯದ ಅಲ್ಟ್ರಾಸೌಂಡ್) ಹೇಗೂ ಬೇಕೇ ಬೇಕು.

ಗೆರೆ ಕಂಡ ಮಾತ್ರಕ್ಕೆ ಹೃದಯದ್ದೇ ತಪ್ಪು ಅನ್ನಲೂ ಆಗಲ್ಲ. ಫೈಬ್ರೋಸಿಸ್ (ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುವುದು), ನ್ಯುಮೋನಿಯಾದಲ್ಲೂ ಬಿ-ಲೈನ್ ಬರುತ್ತದೆ. ಪ್ಲೂರಲ್ ಲೈನ್ ನೋಡಿ: ನುಣುಪಾಗಿದ್ದು, ಗೆರೆ ಎರಡೂ ಕಡೆ ಇದ್ದರೆ ನೀರಿನ ಕಡೆ ವಾಲಬಹುದು. ಒರಟಾಗಿ, ದಪ್ಪಗೆ, ತುಂಡುತುಂಡಾಗಿದ್ದರೆ ಫೈಬ್ರೋಸಿಸ್ ನೆನಪಿರಲಿ.

ರೋಗಿ ಕೂತಿದ್ದರೋ ಮಲಗಿದ್ದರೋ ಅನ್ನೋದನ್ನೂ ಬರೆದಿಡಿ. ಮಲಗಿದಾಗ ಗೆರೆ ಜಾಸ್ತಿ ಕಾಣುತ್ತವೆ. ಹೋದ ಸಲ ಕೂರಿಸಿ, ಈ ಸಲ ಮಲಗಿಸಿ ಎಣಿಸಿ ‘ನೀರು ಹೆಚ್ಚಾಗಿದೆ’ ಅಂದರೆ ಸುಮ್ನೆ ಒಂದು ಮಾತ್ರೆ ಜಾಸ್ತಿಯಾಗುತ್ತದೆ. ಕ್ಲಿಪ್‌ನ ಉದ್ದವೂ ಒಂದೇ ಇರಲಿ. 2 ಸೆಕೆಂಡಿನ ಕ್ಲಿಪ್‌ಗಿಂತ 6 ಸೆಕೆಂಡಿನದರಲ್ಲಿ ಎಣಿಕೆ ಹೆಚ್ಚು ಬರುತ್ತದೆ.