ಲಿಲ್ಲಿ ಗಡ್ಡೆಗೂ ಒಂದು ನಿದ್ದೆ ಬೇಕು

ಮಳೆ ಹಿಡಿಯಿತೆಂದರೆ ನಮ್ಮ ನರ್ಸರಿಗೆ ಲಿಲ್ಲಿಯ ದೂರು ಬರಲು ಶುರು. ಹೋದ ಜೂನ್‌ನಲ್ಲಿ ಹೊಸನಗರದ ಕಡೆಯ ಅಕ್ಕ ಒಬ್ಬರು ಕುಂಡವನ್ನೇ ಹೊತ್ತು ತಂದಿದ್ದರು. "ಅಣ್ಣಾ, ಮೊದಲ ವರ್ಷ ಐದು ಹೂ ಬಿಟ್ಟಿತ್ತು. ಈ ಸಲ ಗೇಣುದ್ದ ಎದ್ದು ಹಾಗೇ ನಿಂತುಬಿಡ್ತು. ಗೊಬ್ಬರ ಹಾಕಿದ್ದೇ ಹಾಕಿದ್ದು" ಅಂದರು.

ಗೋಣಿಚೀಲದ ಮೇಲೆ ಕುಂಡ ಬೋರಲು ಹಾಕಿದೆವು. ಮಣ್ಣು ಹಿಂಡಿದರೆ ನೀರು ಇಳಿಯುತ್ತಿತ್ತು. ಗಡ್ಡೆಯ ಒಂದು ಬದಿ ಗಟ್ಟಿಯಾಗಿ ಬೆಳ್ಳಗಿತ್ತು, ಬೆಳ್ಳುಳ್ಳಿ ಎಸಳು ಒತ್ತಾಗಿ ಜೋಡಿಸಿದ ಹಾಗೆ. ಇನ್ನೊಂದು ಬದಿ ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಒತ್ತಿದರೆ ಒಳಗೇ ಹೋಯಿತು.

ಹೂ ಬಾರದ್ದಕ್ಕೆ ಒಂದು ಕಾರಣ, ಗಡ್ಡೆ ಕೊಳೆತದ್ದಕ್ಕೆ ಇನ್ನೊಂದು. ಚಳಿ ಸಿಗದೆ ಹೂ ಬರಲಿಲ್ಲ, ಮಣ್ಣಲ್ಲಿ ನೀರು ನಿಂತು ಗಡ್ಡೆ ಕೊಳೆಯಿತು. ಎರಡೂ ಗೊಬ್ಬರಕ್ಕೆ ಸಂಬಂಧಪಟ್ಟದ್ದಲ್ಲ.

ಏಷಿಯಾಟಿಕ್, ಓರಿಯೆಂಟಲ್ ಎಂದು ಪ್ಯಾಕೆಟ್ ಮೇಲೆ ಬರೆದಿರುತ್ತದಲ್ಲ, ಅವುಗಳ ಮೂಲ ಜಪಾನ್, ಚೀನಾ ಕಡೆಯ ಚಳಿ ಸೀಮೆ. ಅಲ್ಲಿ ಚಳಿಗಾಲವಿಡೀ ಗಡ್ಡೆ ತಣ್ಣಗಿನ ಮಣ್ಣಲ್ಲಿ ಮಲಗಿರುತ್ತದೆ. ಆ ಚಳಿ ಸಿಕ್ಕಿದರೇ ಮೊಳಕೆ ಜೋರಾಗಿ ಏಳುವುದು, ಮೊಗ್ಗು ಕಟ್ಟುವುದು. ನಮ್ಮಲ್ಲಿ ಮಾರಾಟಕ್ಕೆ ಬರುವ ಗಡ್ಡೆ ಹೆಚ್ಚಿನದು ಹಾಲೆಂಡಿನದು. ಕೋಲ್ಡ್ ಸ್ಟೋರೇಜಿನಲ್ಲಿ ಚಳಿ ಕುಡಿದೇ ಬಂದಿರುತ್ತದೆ. ಹಾಗಾಗಿ ಮೊದಲ ವರ್ಷ ಯಾರು ನೆಟ್ಟರೂ ಹೂ ಬರುತ್ತದೆ. ಎರಡನೇ ವರ್ಷದ ಚಳಿಯನ್ನು ನಾವೇ ಕೊಡಬೇಕು. ಡಿಸೆಂಬರ್‌ನಲ್ಲಿ ತೀರ್ಥಹಳ್ಳಿ, ಸಾಗರದ ಕಡೆ ಬೆಳಗಿನ ಜಾವ ಕಂಬಳಿ ಬಿಡಲು ಮನಸ್ಸಾಗುವುದಿಲ್ಲ, ನಿಜ. ಆದರೆ ಹತ್ತು ಗಂಟೆಗೆ ಬಿಸಿಲು ಬಂದು ಮಣ್ಣು ಬೆಚ್ಚಗಾಗುತ್ತದೆ. ಲಿಲ್ಲಿಗೆ ಅಷ್ಟು ಚಳಿ ಸಾಲದು.

ಅದಕ್ಕೆ ಫ್ರಿಜ್ಜೇ ದಾರಿ. ನಾನು ಮಾಡುವುದು ಹೀಗೆ. ಹೂ ಮುಗಿದ ಮೇಲೆ ಬಾಡಿದ ಹೂವಷ್ಟೇ ಚಿವುಟುತ್ತೇನೆ. ಎಲೆ, ಕಾಂಡ ಮುಟ್ಟುವುದಿಲ್ಲ. ಮುಂದಿನ ವರ್ಷದ ಗಡ್ಡೆ ತುಂಬುವುದು ಆ ಎಲೆಯಿಂದಲೇ. ಎಲೆ ತಾನಾಗಿ ಹಳದಿಯಾಗಿ ಒಣಗಲಿ. ಮಳೆಗಾಲದಲ್ಲಿ ಕುಂಡ ಇರಚಲು ಹೊಡೆಯದ ಜಗುಲಿಯ ಮೂಲೆಯಲ್ಲಿರುತ್ತದೆ. ಮಣ್ಣು ಪೂರ್ತಿ ಒಣಗದಷ್ಟು ನೀರು ಕೊಟ್ಟರೆ ಸಾಕು. ಸೆಪ್ಟೆಂಬರ್ ಕೊನೆಗೆ ಗಡ್ಡೆ ಅಗೆದು, ಬೇರು ಹಾಗೇ ಉಳಿಸಿಕೊಂಡು, ಸ್ವಲ್ಪವೇ ತೇವವಿರುವ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಸುತ್ತಿ, ನಾಲ್ಕು ತೂತು ಮಾಡಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತೇನೆ. ಅದು ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ 8 ವಾರ. ಅಲ್ಲಿ 4-5 ಡಿಗ್ರಿ ಇರುತ್ತದೆ. ಫ್ರೀಜರ್ ಬೇಡವೇ ಬೇಡ, ಗಡ್ಡೆ ಸತ್ತುಹೋಗುತ್ತದೆ. ಪಕ್ಕದಲ್ಲಿ ಸೇಬು, ಬಾಳೆಹಣ್ಣೂ ಬೇಡ. ಹಣ್ಣು ಮಾಗುವಾಗ ಬಿಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗಿಗೆ ಆಗಿಬರುವುದಿಲ್ಲ. ಒಂದು ವರ್ಷ ನಾನೇ ಈ ತಪ್ಪು ಮಾಡಿ ಹನ್ನೆರಡು ಗಡ್ಡೆಯ ಹೂ ಕಳೆದುಕೊಂಡೆ. ಮೊಗ್ಗು ಅಕ್ಕಿಕಾಳಿನಷ್ಟಿದ್ದಾಗಲೇ ಒಣಗಿ ಉದುರಿದವು.

ಕೆಲವರು ಕೆಸುವಿನ ಗಡ್ಡೆಯ ಹಾಗೆ ಲಿಲ್ಲಿಯನ್ನೂ ಅಟ್ಟದ ಮೇಲೆ ಹರವಿ ಒಣಗಿಸುತ್ತಾರೆ. ಈರುಳ್ಳಿಗಿರುವ ಒಣ ಸಿಪ್ಪೆ ಲಿಲ್ಲಿಗಿಲ್ಲ. ಬೆತ್ತಲೆ ಗಡ್ಡೆ ಅದು. ಬಯಲಲ್ಲಿಟ್ಟರೆ ಬೇಗ ಸುಕ್ಕಾಗುತ್ತದೆ.

ನವೆಂಬರ್ ಕೊನೆಗೆ ನೆಡಬೇಕು. ಗಡ್ಡೆಯ ಮೇಲೆ 4-5 ಇಂಚು ಮಣ್ಣಿರಲಿ. ಲಿಲ್ಲಿಗೆ ಗಡ್ಡೆಯ ಬುಡದಲ್ಲಿ ಬೇರಿರುವಂತೆ ಗಡ್ಡೆಯ ಮೇಲೆ ಕಾಂಡದಲ್ಲೂ ಬೇರು ಬರುತ್ತದೆ. ಗಿಡ ಜಾಸ್ತಿ ಉಣ್ಣುವುದು ಆ ಮೇಲಿನ ಬೇರಿಂದ. ಮೇಲೆ ಮೇಲೆ ನೆಟ್ಟರೆ ಆ ಬೇರಿಗೆ ಜಾಗವಿಲ್ಲ, ಗಿಡ ವಾಲುತ್ತದೆ. ಮಣ್ಣು ಸಡಿಲವಿರಬೇಕು. ನಮ್ಮ ಕೆಮ್ಮಣ್ಣು ಒಂದನ್ನೇ ಹಾಕಿದರೆ ಕಚ್ಚಿಕೊಳ್ಳುತ್ತದೆ. ಅರ್ಧದಷ್ಟು ದಪ್ಪ ಮರಳು, ಕೋಕೋಪೀಟ್ ಬೆರೆಸಿ. ಪೂರ್ತಿ ಕಳಿತ ಅಡಿಕೆ ಸಿಪ್ಪೆ ಗೊಬ್ಬರ ಇದ್ದರೆ ಒಳ್ಳೆಯದೇ, ಹಸಿಬಿಸಿ ಮಾತ್ರ ಹಾಕಬೇಡಿ. ಬೆಳಗಿನ ಬಿಸಿಲು ಬೀಳುವ ಜಾಗ, ಬುಡಕ್ಕೆ ದರಗಿನ ಹೊದಿಕೆ. ಏಷಿಯಾಟಿಕ್ ಆದರೆ ಸುಮಾರು ಎರಡೂವರೆ ತಿಂಗಳಿಗೆ ಹೂ, ಬೇಸಿಗೆ ಬಲಿಯುವ ಮೊದಲೇ.

ಶಿವಮೊಗ್ಗ, ಭದ್ರಾವತಿ ಪೇಟೆಯ ಸೆಕೆಯಲ್ಲಿರುವವರಿಗೆ ನಾನು ಹೇಳುವುದು ಲಾಂಗಿಫ್ಲೋರಮ್ ತನ್ನಿ ಅಂತ. ಉದ್ದ ಕೊಳವೆಯ ಬಿಳಿ ಹೂ, ಒಳ್ಳೆ ಪರಿಮಳ. ಜಪಾನಿನ ದಕ್ಷಿಣದ ದ್ವೀಪಗಳು, ತೈವಾನ್ ಅದರ ತವರು. ಸೆಕೆ ತಕ್ಕಮಟ್ಟಿಗೆ ತಡೆಯುತ್ತದೆ. ಅಂದ ಹಾಗೆ ನಮ್ಮ ಪಶ್ಚಿಮ ಘಟ್ಟಕ್ಕೂ ಸ್ವಂತದ್ದೊಂದು ಬಿಳಿ ಲಿಲ್ಲಿ ಇದೆ. ಅದು ನೀಲಗಿರಿಯಂಥ ಎತ್ತರದ ತಂಪಲ್ಲಿ ಬೆಳೆಯುವಂಥದ್ದು.

ನಮ್ಮ ಅಂಗಳಗಳಲ್ಲಿ ಲಿಲ್ಲಿ ಅಂತ ಕರೆಸಿಕೊಳ್ಳುವ ಬೇರೆ ಗಿಡಗಳಿವೆ. ಅಮರಿಲ್ಲಿಸ್, ಫುಟ್‌ಬಾಲ್ ಲಿಲ್ಲಿ, ರೈನ್ ಲಿಲ್ಲಿ. ಇವು ಲಿಲ್ಲಿಯ ಕುಲದವಲ್ಲ. ಇವಕ್ಕೆ ಫ್ರಿಜ್ಜು ಬೇಡ. ಅಮರಿಲ್ಲಿಸ್‌ಗೆ ಬೇಕಾದದ್ದು ಒಣ ನಿದ್ದೆ. ಡಿಸೆಂಬರ್‌ನಿಂದ ಎರಡು ತಿಂಗಳು ನೀರು ನಿಲ್ಲಿಸಿ ಆಮೇಲೆ ಕೊಡಿ, ಹೂವಿನ ದಂಟು ಏಳುತ್ತದೆ. ನೆಡುವಾಗ ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲಿರಲಿ. ಲಿಲ್ಲಿಯ ಹಾಗೆ ಆಳಕ್ಕೆ ಹೂತರೆ ಕೊಳೆಯುತ್ತದೆ.

ಮನೆಯಲ್ಲಿ ಬೆಕ್ಕಿದ್ದರೆ ನಿಜವಾದ ಲಿಲ್ಲಿ ತರಲೇಬೇಡಿ. ಎಲೆ, ಹೂ, ಪರಾಗ ಎಲ್ಲವೂ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ. ಮೈಗೆ ಅಂಟಿದ ಪರಾಗ ನೆಕ್ಕಿದರೂ ಪ್ರಾಣ ಹೋಗಬಹುದು.

ಇನ್ನು ಆ ಅಕ್ಕನ ಗಡ್ಡೆ. ಎಸೆಯಲು ಬಿಡಲಿಲ್ಲ. ಕೊಳೆತದ್ದನ್ನು ಕೆರೆದು ತೆಗೆದು, ಗಟ್ಟಿ ಎಸಳುಗಳನ್ನು ಬುಡದವರೆಗೂ ಬರುವಂತೆ ಒಂದೊಂದಾಗಿ ಮುರಿದೆವು. ಒಂಬತ್ತು ಸಿಕ್ಕವು. ತೇವದ ಕೋಕೋಪೀಟ್ ತುಂಬಿದ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅಡುಗೆಮನೆಯ ಶೆಲ್ಫಿನಲ್ಲಿಡಿ ಅಂದೆ. ಆಗಸ್ಟ್‌ನಲ್ಲಿ ಚೀಲ ಬಿಚ್ಚಿ ತೋರಿಸಲು ಬಂದರು. ಏಳು ಎಸಳಿನ ಬುಡದಲ್ಲಿ ಕಡಲೆಕಾಳಿನಷ್ಟು ಬಿಳಿ ಮರಿಗಡ್ಡೆ, ಕೆಲವಕ್ಕೆ ಎರಡೆರಡು. ಹೂವಿಗೆ ಇನ್ನೂ ಎರಡು ಮೂರು ವರ್ಷ ಬೇಕು ಅಂತ ಹೇಳಿದ್ದೇನೆ. ಈ ಸಲ ಕುಂಡಕ್ಕೆ ಜಗುಲಿಯಲ್ಲೇ ಜಾಗ ಮಾಡಿದ್ದಾರಂತೆ.